ಹಳೆಯ ಐರನ್ ಇವತ್ತಿನದಕ್ಕೆ ಸಾಟಿಯೇ?

ಪರ: ನಂಬರ್ ಬಿಟ್ಟು ಡಿಗ್ರಿ ನೋಡಿ

ಗಾಲ್ಫ್ ಸಾಮಾನಿನ ಅಂಗಡಿಯಲ್ಲಿ ಐರನ್, ಅಂದರೆ ಚೆಂಡು ಹೊಡೆಯುವ ಲೋಹದ ತಲೆಯ ಕೋಲು, ಕೇಳಿದರೆ ಮೊದಲು ಬರುವ ಮಾತು ದೂರದ್ದೇ. ‘ಈ ಸೆಟ್ಟಿನ 7 ನಂಬರ್ ಹೊಡೆದು ನೋಡಿ ಸಾರ್, ನಿಮ್ಮ ಹಳೆಯ 7ಕ್ಕಿಂತ ಎಷ್ಟು ಮುಂದೆ ಹೋಗುತ್ತೆ ಅಂತ’ ಎನ್ನುತ್ತಾರೆ. ಹೋಗುತ್ತದೆ, ನಿಜ. ಯಾಕೆ ಹೋಗುತ್ತದೆ ಎಂಬುದನ್ನು ನಾವೇ ಕೇಳಬೇಕು. 1970ರ ದಶಕದ 7 ನಂಬರ್ ಐರನ್ನಿನ ಮುಖದ ಓರೆ, ಆಟದವರು ಲಾಫ್ಟ್ ಎನ್ನುವುದು, ಸುಮಾರು 37-38 ಡಿಗ್ರಿ ಇರುತ್ತಿತ್ತು. ಇವತ್ತು ಸಾಧಾರಣ ಆಟಗಾರರಿಗೆಂದು ಮಾಡುವ 7 ನಂಬರಿನಲ್ಲಿ ಅದು 28ರಿಂದ 30 ಡಿಗ್ರಿ. ನಂಬರ್ ಇಳಿದಷ್ಟೂ ಓರೆ ಕಡಿಮೆ, ದೂರ ಹೆಚ್ಚು. ಒಂದು ಐರನ್ನಿಗೂ ಮುಂದಿನದಕ್ಕೂ ಸುಮಾರು ನಾಲ್ಕು ಡಿಗ್ರಿ ಅಂತರ ಇಡುವುದು ರೂಢಿ. ಅಂದಮೇಲೆ ಅಂಗಡಿಯವರು 7 ಎಂದು ಕೈಗೆ ಕೊಡುತ್ತಿರುವುದು ನಮ್ಮ ಹಳೆಯ 5 ನಂಬರನ್ನು. ಶಾಫ್ಟನ್ನೂ, ಅಂದರೆ ತಲೆಗೆ ಸೇರಿಸಿದ ಕೋಲನ್ನೂ, ಸ್ವಲ್ಪ ಉದ್ದ ಮಾಡಿರುತ್ತಾರೆ. 42ರ ಅಳತೆಯ ಅಂಗಿಗೆ 40 ಎಂದು ಚೀಟಿ ಹೊಲಿದರೆ ತೊಟ್ಟವನ ಮೈ ಸಣ್ಣಗಾಗುವುದಿಲ್ಲ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗ ಹೊಸ ಸೆಟ್ ತಗೊಂಡವನು ಅದನ್ನು ಹೊತ್ತುಕೊಂಡು ಕೆಜಿಎಫ್‌ಗೆ ಬಂದ. ಅವನ 7ಕ್ಕೆ ನನ್ನ 7 ಎದುರಿಟ್ಟು ಹೊಡೆದೆವು. ‘ಮಾವಾ, ಇನ್ನಾದರೂ ಅದನ್ನ ಗೋಡೆಗೆ ನೇತುಹಾಕಿ’ ಅಂದ. ನಾನು ಚೀಲದಿಂದ 5 ನಂಬರ್ ತೆಗೆದೆ. ಈ ಸಲ ಎರಡು ಚೆಂಡೂ ಹತ್ತಿರ ಹತ್ತಿರವೇ ಬಿದ್ದವು. ಅವನದು ಕೆಲವು ಹೆಜ್ಜೆ ಮುಂದೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅವನಿಗೆ ನನಗಿಂತ ಮೂವತ್ತು ವರ್ಷ ಕಡಿಮೆ ವಯಸ್ಸು. ಒಂದು ಲಕ್ಷ ದಾಟಿದ ಸೆಟ್ಟು ತಂದುಕೊಟ್ಟದ್ದು ಆ ಕೆಲವು ಹೆಜ್ಜೆಯನ್ನು ಮಾತ್ರ.

ನಂಬರ್ ಬದಲಿಸಿದ್ದರಿಂದ ಇನ್ನೊಂದು ತೊಂದರೆಯೂ ಇದೆ. ಎಲ್ಲ ಐರನ್ನಿನ ಲಾಫ್ಟನ್ನೂ ಇಳಿಸುತ್ತ ಬಂದು, ಹತ್ತಿರದ ಹೊಡೆತಕ್ಕೆ ಬಳಸುವ, 50 ಡಿಗ್ರಿ ಆಸುಪಾಸಿನಲ್ಲಿದ್ದ ಪಿಚಿಂಗ್ ವೆಜ್ಜನ್ನು 43-44ಕ್ಕೆ ತಂದು ನಿಲ್ಲಿಸಿದ್ದಾರೆ. ಅದಾದ ಮೇಲೆ ಚೀಲದಲ್ಲಿರುವುದು ಮರಳಿನಿಂದ ಚೆಂಡೆತ್ತುವ 56ರ ಸ್ಯಾಂಡ್ ವೆಜ್. ನಡುವಿನ ಹನ್ನೆರಡು ಡಿಗ್ರಿಗೆ ಏನು ಹೊಡೆಯುವುದು? ಅದಕ್ಕೆಂದು ಗ್ಯಾಪ್ ವೆಜ್ ಅಂತ ಇನ್ನೊಂದನ್ನು ಮಾರುತ್ತಾರೆ. ಹಳೆಯ ಸೆಟ್ಟಿನಲ್ಲಿ ಆ ಖಾಲಿ ಜಾಗವೇ ಇರಲಿಲ್ಲ.

ಇನ್ನು ನೆಲದ ವಿಷಯ. ಐರನ್ನಿನ ಬಗ್ಗೆ ಬರೆಯುವವರೆಲ್ಲ ಮೆತ್ತಗಿನ ಹುಲ್ಲಿನ ಮೇಲೆ ನಿಂತು ಬರೆಯುತ್ತಾರೆ. ನಮ್ಮ ಕೋಲಾರದ ನೆಲ ಅದಲ್ಲ. ಮಳೆಗಾಲ ಮುಗಿದು ಸಂಕ್ರಾಂತಿ ಕಳೆದರೆ ಕೆಂಪು ಮಣ್ಣು ಬಿಗಿದು ಕಲ್ಲಾಗುತ್ತದೆ, ಹುಲ್ಲು ನೆಲಕ್ಕೆ ಅಂಟಿಕೊಳ್ಳುತ್ತದೆ, ಚೆಂಡು ಬರಿಯ ಮಣ್ಣಿನ ಮೇಲೆ ಕೂತಿರುತ್ತದೆ. ಹೊಸ ಐರನ್ನುಗಳ ತಳ ಅಗಲ. ಮೆತ್ತಗಿನ ನೆಲದಲ್ಲಿ ಅಗಲದ ತಳ ಹೂತುಕೊಳ್ಳದೆ ಜಾರುತ್ತದೆ, ಅದು ಒಳ್ಳೆಯದೇ. ಗಟ್ಟಿ ನೆಲದಲ್ಲಿ ಅದೇ ತಳ ಪುಟಿದು, ಮುಂದಿನ ಅಂಚು ಚೆಂಡಿನ ನಡುವಿಗೆ ಬಂದು ಬಡಿಯುತ್ತದೆ. ಚೆಂಡು ಮೊಣಕಾಲೆತ್ತರದಲ್ಲಿ ಓಡಿ ಗ್ರೀನ್, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲು, ದಾಟಿಹೋಗುತ್ತದೆ. ಬ್ಲೇಡ್ ಎನ್ನುವ ತೆಳು ತಲೆಯ ಹಳೆಯ ಐರನ್ನಿನ ತಳ ಬೆರಳಿನಷ್ಟು ತೆಳು. ಚೆಂಡಿನ ಕೆಳಗೆ ನುಸುಳಲು ಅದಕ್ಕೆ ಜಾಗ ಸಾಕು. ಗಣಿಯ ತ್ಯಾಜ್ಯದ ಸೈನೈಡ್ ದಿಬ್ಬಗಳ ಕಡೆಯಿಂದ ಗಾಳಿ ಎದ್ದ ದಿನ ಚೆಂಡನ್ನು ತಗ್ಗಿನಲ್ಲೇ ಕಳಿಸಬೇಕು. ಹೊಸ ಐರನ್ನುಗಳನ್ನು ಮಾಡಿರುವುದೇ ಚೆಂಡನ್ನು ಮೇಲೆತ್ತಲು. ಬೇಡವೆಂದರೂ ಎತ್ತುತ್ತವೆ.

ನನ್ನ ಸೆಟ್ ಅಪ್ಪನದು. ಅವರು ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿ ಹಿಡಿದ ಮೇಲೆ ಊರಿಗೆ ಚಿನ್ನದ ಜತೆ ಕ್ಲಬ್ಬು, ಟೆನಿಸ್ಸು, ಗಾಲ್ಫು ಎಲ್ಲ ಬಂದವು. ಆದರೆ ಆಡುವವರು ಬೇರೆ, ಚೀಲ ಹೊರುವವರು ಬೇರೆ. ಅಪ್ಪ ಹುಡುಗನಾಗಿದ್ದಾಗ ಕ್ಯಾಡಿಯಾಗಿ ಚೀಲ ಹೊತ್ತವರು, ಆಟವನ್ನು ಕಣ್ಣಿನಲ್ಲೇ ಕಲಿತವರು. ಆಮೇಲೆ ಊರು ಬಿಟ್ಟು ಹೊರಟ ಅಧಿಕಾರಿಯೊಬ್ಬರು ತಮ್ಮ ಸೆಟ್ಟನ್ನು ಅಪ್ಪನಿಗೆ ಕೊಟ್ಟುಹೋದರು. ಸುತ್ತಿಗೆಯಲ್ಲಿ ಬಡಿದು ಮಾಡಿದ ಮೆದು ಉಕ್ಕಿನ ಬ್ಲೇಡುಗಳು, 2 ನಂಬರಿನಿಂದ ವೆಜ್‌ವರೆಗೆ.

ಆ ಅಧಿಕಾರಿ ಆರಡಿ ಆಳು, ಅಪ್ಪ ಗಿಡ್ಡ. ಐರನ್ ನೆಲಕ್ಕಿಟ್ಟರೆ ತಲೆಯ ತುದಿ ಮೇಲೇಳುತ್ತಿತ್ತು, ಶಾಫ್ಟ್ ಸೇರುವ ಕಡೆಯ ಹಿಮ್ಮಡಿ ಮಾತ್ರ ನೆಲ ಮುಟ್ಟುತ್ತಿತ್ತು. ಹೊಡೆದದ್ದೆಲ್ಲ ಎಡಕ್ಕೆ. ಅಪ್ಪ ಮಾಡಿದ್ದು ಇಷ್ಟೇ. ಒಂದು ಹಲಗೆಯ ಮೇಲೆ ಚೆಂಡಿಟ್ಟು, ಐರನ್ನಿನ ತಳಕ್ಕೆ ಸೀಮೆಸುಣ್ಣ ಬಳಿದು ಹೊಡೆದರು. ಸುಣ್ಣ ಎಲ್ಲಿ ಅಳಿಸಿತು ನೋಡಿದರು, ಹಿಮ್ಮಡಿಯ ಹತ್ತಿರ. ತಲೆಯನ್ನು ವೈಸ್‌ಗೆ ಸಿಕ್ಕಿಸಿ, ಐರನ್ನಿನ ಕುತ್ತಿಗೆಗೆ ಕಬ್ಬಿಣದ ಕೊಳವೆ ತೊಡಿಸಿ, ಸ್ವಲ್ಪ ಬಗ್ಗಿಸಿದರು. ಮತ್ತೆ ಹಲಗೆ, ಮತ್ತೆ ಸುಣ್ಣ. ಕಲೆ ತಳದ ನಡುವಿಗೆ ಬರುವವರೆಗೂ ಬಿಡಲಿಲ್ಲ. ಹೀಗೆ ಒಂದೊಂದನ್ನೂ. ಶಾಫ್ಟ್ ಕೊಯ್ದು ತಮ್ಮ ಎತ್ತರಕ್ಕೆ ಇಳಿಸಿದರು. ಆಮೇಲೆ ಚೆಂಡು ನೇರ ಹೋಯಿತು. ಭಾನುವಾರ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ‘ನಡುವಿಗೆ ತಾಗಿದ್ರೆ ಕೈಗೆ ಏನೂ ಗೊತ್ತಾಗಲ್ಲ ಮಗಾ, ತಾಗದೆ ಹೋದ್ರೆ ಮೊಣಕೈವರೆಗೂ ಗೊತ್ತಾಗುತ್ತೆ’ ಅನ್ನುತ್ತಿದ್ದರು. ನನಗೆ ಬೇರೆ ಮೇಷ್ಟ್ರು ಇರಲಿಲ್ಲ, ಆ ಏಟೇ ನನಗೆ ಕಲಿಸಿತು.

2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಮನೆಯಲ್ಲಿ ಮಾರಬಹುದಾದ ಎಷ್ಟೋ ಸಾಮಾನು ಆ ವರ್ಷಗಳಲ್ಲಿ ಮಾರಿದೆವು. ಐರನ್ನುಗಳನ್ನು ಅಪ್ಪ ಮುಟ್ಟಲು ಬಿಡಲಿಲ್ಲ. ಹಿಡಿಕೆಯ ರಬ್ಬರ್ ಒಣಗಿ ಬಿರಿದಾಗೆಲ್ಲ ಬದಲಿಸಿದ್ದೇನೆ, ಎರಡೂ ಕಡೆ ಅಂಟುವ ಟೇಪು ಸುತ್ತಿ, ಪೆಟ್ರೋಲ್ ಸವರಿ ಹೊಸದನ್ನು ತೂರಿಸಿದರೆ ಅರ್ಧ ಗಂಟೆಯ ಕೆಲಸ. ಮಿಕ್ಕದ್ದೆಲ್ಲ ಅದೇ ಕಬ್ಬಿಣ. ಇವತ್ತಿನ ಟೊಳ್ಳು ತಲೆಗಳನ್ನು, ಒಳಗೆ ಫೋಮ್ ತುಂಬಿ ತೆಳು ಮುಖ ಬೆಸೆದವನ್ನು, ಯಾವ ಫಿಟ್ಟರ್ ಧೈರ್ಯವಾಗಿ ವೈಸ್‌ಗೆ ಸಿಕ್ಕಿಸುತ್ತಾನೆ?

ಹೊಸದರ ಪರ ಹೇಳುವವರ ದೊಡ್ಡ ಮಾತು ಒಂದಿದೆ, ತಪ್ಪು ಹೊಡೆದರೂ ಐರನ್ ಕಾಪಾಡುತ್ತದೆ ಎಂದು. ಎಲ್ಲಿ ತಾಗಿಸಿದರೂ ಒಂದೇ ಎನ್ನುವುದಾದರೆ ಅಭ್ಯಾಸವಾದರೂ ಏತಕ್ಕೆ? 1972ರ ಯುಎಸ್ ಓಪನ್‌ನ ಕೊನೆಯ ದಿನ ಪೆಬಲ್ ಬೀಚ್‌ನ 17ನೇ ಹೋಲಿನಲ್ಲಿ ಹೆಸರಾಂತ ಆಟಗಾರ ಜ್ಯಾಕ್ ನಿಕ್ಲಸ್ ಎದುರುಗಾಳಿಯಲ್ಲಿ, ಹೊಡೆಯಲು ತೀರ ಕಷ್ಟದ 1 ನಂಬರ್ ಐರನ್ ಹೊಡೆದು ಚೆಂಡನ್ನು ಬಾವುಟದ ಕೋಲಿಗೇ ತಾಗಿಸಿದರು. ಅದು ಬ್ಲೇಡು. 1950ರ ಅದೇ ಟೂರ್ನಿಯಲ್ಲಿ ಮೆರಿಯನ್‌ನಲ್ಲಿ ಬೆನ್ ಹೋಗನ್ ಹೊಡೆದದ್ದೂ 1 ನಂಬರೇ, ಬಸ್ಸು ಗುದ್ದಿ ಮೂಳೆ ಮುರಿದುಕೊಂಡ ಮಾರನೇ ವರ್ಷ. ಕಾಪಾಡುವ ಐರನ್ನೇ ಬೇಕೆಂದರೂ ಅದು ಈಚಿನದಲ್ಲ. ತೂಕವನ್ನು ಅಂಚಿಗೆ ಸರಿಸಿ ಬೆನ್ನು ಟೊಳ್ಳು ಮಾಡಿದ, ಪಿಂಗ್ ಕಂಪನಿಯ ಐ2 ಬಂದದ್ದು 1982ರಲ್ಲಿ. 2010ರಲ್ಲಿ ಐರನ್ನಿನ ಮುಖದ ಮೇಲಿನ ಗೀರುಗಳ ನಿಯಮ ಬಿಗಿಯಾದಾಗ ಅಮೆರಿಕದ ಆಟಗಾರ ಫಿಲ್ ಮಿಕಲ್ಸನ್ ಹುಡುಕಿಕೊಂಡು ಹೋದದ್ದು ಅದೇ ಹಳೆಯ ಐ2 ವೆಜ್ಜನ್ನು. 1990ರ ಏಪ್ರಿಲ್‌ಗೆ ಮುಂಚೆ ಮಾಡಿದ ಐ2ಗಳಿಗೆ ಹಳೆಯ ಒಪ್ಪಂದದಿಂದ ವಿನಾಯಿತಿ ಇತ್ತು. ಎರಡು ದಶಕ ಹಳೆಯ ವೆಜ್ ಹೊಸದಕ್ಕಿಂತ ಹೆಚ್ಚಾಗಿ ಚೆಂಡನ್ನು ಕಚ್ಚುತ್ತದೆ ಎಂದು ಬೇರೆ ಆಟಗಾರರೇ ತಕರಾರು ತೆಗೆದರು.

ನಮ್ಮೂರಿನ ಹುಡುಗರಿಗೆ ಲಕ್ಷ ರೂಪಾಯಿಯ ಸೆಟ್ ಸಿಗುವ ಕಾಲ ಬಂದಿಲ್ಲ. ಅವರ ಕೈಗೆ ಬರುವುದು ಯಾರೋ ಬಿಟ್ಟುಹೋದ 7 ನಂಬರೊಂದೇ. ಅದು ಹಳೆಯದು, ಅದರಲ್ಲಿ ಆಟ ಬರುವುದಿಲ್ಲ ಎಂದು ಅವರಿಗೆ ಹೇಳುವುದು ಸುಳ್ಳು, ಅನ್ಯಾಯ ಕೂಡ.


ವಿರೋಧ: ನಡುವಿಗೆ ತಾಗದ ಹೊಡೆತಗಳು

ಈ ಬದಿಯಲ್ಲಿ ಬರೆಯಲು ನನ್ನನ್ನು ಕೇಳಿದ್ದಾರೆ. ಚಿಕ್ಕಬಳ್ಳಾಪುರದ ಕಡೆ ಹೊಸಬರಿಗೆ ಆಟ ಹೇಳಿಕೊಡುವ ಕೆಲಸ ನನ್ನದು, ಆ ಕೆಲಸದಲ್ಲಿ ಕಂಡದ್ದನ್ನು ಹೇಳುತ್ತೇನೆ. ಹಳೆಯ ಬ್ಲೇಡ್ ಕೆಟ್ಟದ್ದು ಎಂಬುದು ನನ್ನ ವಾದವಲ್ಲ. ನಡುವಿಗೆ ತಾಗಿದ ಚೆಂಡಿನ ಮಟ್ಟಿಗೆ ಹಳತು ಹೊಸತು ಎರಡರಲ್ಲೂ ಅಂಥ ಭೇದವಿಲ್ಲ. ದೊಡ್ಡ ಟೂರ್ನಿಗಳಲ್ಲಿ ಆಡುವ ಎಷ್ಟೋ ಮಂದಿ ಇವತ್ತಿಗೂ ಬ್ಲೇಡ್ ಅಥವಾ ಅದಕ್ಕೆ ಹತ್ತಿರದ್ದನ್ನೇ ಇಟ್ಟುಕೊಂಡಿದ್ದಾರೆ.

ಆದರೆ ನನ್ನ ಹತ್ತಿರ ಬರುವವರ ಹೊಡೆತ ನಡುವಿಗೆ ತಾಗುವುದು ಅಪರೂಪ. ತುದಿಗೆ ತಾಗಿದಾಗ ತಲೆ ಕೈಯಲ್ಲಿ ತಿರುಗುತ್ತದೆ. ತೂಕವೆಲ್ಲ ನಡುವೆ ಇದ್ದರೆ ಜಾಸ್ತಿ ತಿರುಗುತ್ತದೆ, ಅಂಚಿಗೆ ಹಂಚಿದ್ದರೆ ಕಡಿಮೆ. ಈಗ ತುದಿಯಲ್ಲಿ ಉಕ್ಕಿಗಿಂತ ಎರಡು ಪಟ್ಟಿಗೂ ಹೆಚ್ಚು ಭಾರದ ಟಂಗ್‌ಸ್ಟನ್ ಇಡುತ್ತಾರೆ. ಮುಖ ತೆಳುವಾಗಿರುವುದರಿಂದ ನಡುವಿನಿಂದ ಆಚೆ ತಾಗಿದರೂ ಚೆಂಡಿನ ವೇಗ ಪೂರ್ತಿ ಸಾಯುವುದಿಲ್ಲ. ಬ್ಲೇಡಿನಲ್ಲಿ ಹಳ್ಳಕ್ಕೆ ಬೀಳುವ ಹೊಡೆತ ಇದರಲ್ಲಿ ಗ್ರೀನಿನ ಅಂಚಿಗಾದರೂ ಬರುತ್ತದೆ. ಅಭ್ಯಾಸ ಬೇಡ ಎಂದು ಇದರ ಅರ್ಥವಲ್ಲ. ವಾರಕ್ಕೊಮ್ಮೆ ಆಡುವವರು ಮುಂದಿನ ವಾರವೂ ಬರಲಿ ಎಂದು.

ಲಾಫ್ಟ್ ಇಳಿಸಿರುವುದು ಮೋಸ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹೊಸ ತಲೆಗಳಲ್ಲಿ ತೂಕ ತಳಕ್ಕೆ ಇಳಿದಿದೆ, ಅದರಿಂದ ಚೆಂಡು ತಾನಾಗಿಯೇ ಎತ್ತರ ಹೋಗುತ್ತದೆ. ಅಂಥ ತಲೆಗೆ 38 ಡಿಗ್ರಿ ಇಟ್ಟರೆ ಚೆಂಡು ಸುಮ್ಮನೆ ಆಕಾಶಕ್ಕೆ ಏರಿ ಬೀಳುತ್ತದೆ, ಓರೆ ಇಳಿಸಲೇಬೇಕು. ಫಲ ಏನೆಂದರೆ ಹಳೆಯ 5 ನಂಬರಿನ ದೂರವನ್ನು ಅದಕ್ಕಿಂತ ಎತ್ತರದಿಂದ ಇಳಿಯುವ ಚೆಂಡಿನಲ್ಲಿ ಪಡೆಯಬಹುದು, ಎತ್ತರದಿಂದ ಇಳಿದದ್ದು ಗ್ರೀನಿನ ಮೇಲೆ ನಿಲ್ಲುತ್ತದೆ. ಗಾಳಿಯಲ್ಲಿ ಇದೇ ತೊಂದರೆ, ಅದು ನಿಜ. ಗಟ್ಟಿ ನೆಲದಲ್ಲಿ ತೆಳು ತಳ ಚೆನ್ನ ಎಂಬುದೂ ಸರಿ. ಆದರೆ ನಂದಿ ಬೆಟ್ಟದ ಸುತ್ತ ಈಗ ಆಗಿರುವ ಮೈದಾನಗಳಲ್ಲಿ ವರ್ಷವಿಡೀ ನೀರು ಹಾಯಿಸುತ್ತಾರೆ, ಅಲ್ಲಿ ಕಲಿಯುವವರಿಗೆ ಆ ನೆಲದ ಮಾತು ಅನ್ವಯಿಸದು.

ಶಾಫ್ಟಿನ ತೂಕದ ಮಾತು ಯಾರೂ ಎತ್ತುವುದಿಲ್ಲ. ನನಗೆ ಇದೇ ಹೆಚ್ಚು ಮುಖ್ಯ. ಹಳೆಯ ಉಕ್ಕಿನ ಶಾಫ್ಟ್ 120-130 ಗ್ರಾಂ ತೂಗುತ್ತದೆ, ಗ್ರಾಫೈಟಿನದು ಅದರ ಅರ್ಧ ತೂಕದಲ್ಲಿ ಸಿಗುತ್ತದೆ. ಬ್ಯಾಂಕಿನಿಂದ ನಿವೃತ್ತರಾದ ಅಮ್ಮ ಒಬ್ಬರು ಅರವತ್ತು ದಾಟಿದ ಮೇಲೆ ಕಲಿಯಲು ಬಂದರು. ಅವರ ಯಜಮಾನರ ಹಳೆಯ ಸೆಟ್ಟಿನಲ್ಲಿ ಶುರು ಮಾಡಿ ಮೊಣಕೈ ನೋವಾಗಿ ಬಿಟ್ಟೇಬಿಡುತ್ತೇನೆ ಅಂದಿದ್ದರು. ಹಗುರದ ಗ್ರಾಫೈಟ್ ಐರನ್ ಕೊಟ್ಟೆವು, ಚೆಂಡು ಮೇಲೆದ್ದಿತು, ಆಟ ಮುಂದುವರಿಸಿದರು. ಹೋಗನ್, ನಿಕ್ಲಸ್ ಹೆಸರು ಹೇಳುವವರು ಈ ಅಮ್ಮನ ಕೈಗೆ 1 ನಂಬರ್ ಐರನ್ ಕೊಟ್ಟು ನೋಡಲಿ. ಏಟೇ ಪಾಠ ಎಂದರೆ ಆ ಪಾಠ ಗಟ್ಟಿ ಮೈಯ ಹುಡುಗರಿಗೆ ಮಾತ್ರ.

ಪಿಂಗ್ ಐ2 ಒಳ್ಳೆಯ ಐರನ್, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಹಳೆಯದೆಲ್ಲ ಐ2 ಅಲ್ಲ. ಹೊರಗೆ ಹೊಳೆಯುವ ಶಾಫ್ಟ್ ಒಳಗೆ ತುಕ್ಕು ಹಿಡಿದು ಕತ್ತಿನ ಹತ್ತಿರ ಮುರಿದದ್ದನ್ನು ನೋಡಿದ್ದೇನೆ. ಮೆದು ಉಕ್ಕಿನ ಗೀರುಗಳು ಸವೆದುಹೋದ ವೆಜ್ಜಿನಲ್ಲಿ ಚೆಂಡು ತಿರುಗುವುದೇ ಇಲ್ಲ. ಹಳೆಯ ಸೆಟ್ ಸಿಕ್ಕಿದವರು ಮೊದಲು ಗೀರುಗಳ ಮೇಲೆ ಉಗುರು ಎಳೆದು ನೋಡಬೇಕು, ಉಗುರು ಸಿಕ್ಕಿಕೊಳ್ಳದಿದ್ದರೆ ಆ ವೆಜ್ ಬೇಡ. ಉಳಿದವು ಚೆನ್ನಾಗಿದ್ದರೆ ಆಡಲಿ, ನಾನು ತಡೆಯುವುದಿಲ್ಲ.

ಹೊಸದು ಕೊಳ್ಳುವವರಿಗೆ ನಾನು ಹೇಳುವುದಿಷ್ಟು. ಇತ್ತೀಚಿನ ಮಾದರಿಯೇ ಆಗಬೇಕೆಂದಿಲ್ಲ, ನಾಲ್ಕೈದು ವರ್ಷ ಹಿಂದಿನ ಸೆಟ್ ಯಾರಾದರೂ ಮಾರುತ್ತಿದ್ದರೆ ಬೆಲೆ ಬಹಳ ಇಳಿದಿರುತ್ತದೆ, ಆಟಕ್ಕೆ ವ್ಯತ್ಯಾಸ ಕಾಣದು. ಪಿಚಿಂಗ್ ವೆಜ್ ಎಷ್ಟು ಡಿಗ್ರಿ ಎಂದು ಕೇಳಿ. 43-44 ಆಗಿದ್ದರೆ 49-50ರ ಇನ್ನೊಂದಕ್ಕೂ ದುಡ್ಡು ತೆಗೆದಿಡಿ. ಚೀಲದಲ್ಲಿ ಒಟ್ಟು 14 ಕ್ಲಬ್ಬಿಗೆ, ಅಂದರೆ ಹೊಡೆಯುವ ಕೋಲಿಗೆ, ಮಾತ್ರ ಅವಕಾಶ, ಅದಕ್ಕೆ ಜಾಗ ಬೇಕಾದರೆ 4 ನಂಬರ್ ಐರನ್ ಮನೆಯಲ್ಲಿಟ್ಟು ಬನ್ನಿ, ಆ ದೂರಕ್ಕೆ ಐರನ್ನಿಗಿಂತ ಸುಲಭವಾಗಿ ಚೆಂಡೆತ್ತುವ ಹೈಬ್ರಿಡ್ ಎಂಬ ಕ್ಲಬ್ಬು ಸಾಕು.