ಎಂಆರ್‌ಐ ಪಾಠ ಫ್ಯಾರಡೆಯಿಂದಲೇ ಶುರುವಾಗಬೇಕಾ?

ಪರ: ಮೊದಲು ಡೈನಮೋ ತಿರುಗಿಸಿ

ರೇಡಿಯಾಲಜಿ ಪಿಜಿಗಳಿಗೆ (ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ) ಎಂಆರ್‌ಐ ಫಿಸಿಕ್ಸ್ ಹೇಳುವ ದಿನ ನನ್ನ ಚೀಲದಲ್ಲಿ ಒಂದು ಹಳೆ ಸೈಕಲ್ ಡೈನಮೋ ಇರುತ್ತದೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅಲೆದು ಹುಡುಕಿ ತಂದದ್ದು. ಅದರ ತಲೆಯನ್ನು ಜೋರಾಗಿ ತಿರುಗಿಸಿದರೆ ಬಲ್ಬು ಮಿಣುಕುತ್ತದೆ, ನಿಲ್ಲಿಸಿದರೆ ಆರುತ್ತದೆ. ಒಳಗಿನ ಮ್ಯಾಗ್ನೆಟ್ ಎಲ್ಲಿಗೂ ಹೋಗಿಲ್ಲ, ಅಲ್ಲೇ ಕೂತಿದೆ. ಆದರೂ ಕರೆಂಟಿಲ್ಲ. ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಬದಲಾಗುತ್ತಿದ್ದರೆ ಮಾತ್ರ ಕರೆಂಟು. 1831ರಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಕಂಡದ್ದು ಇದನ್ನೇ, ಇದರ ಹೆಸರು ಇಂಡಕ್ಷನ್. ಶರಾವತಿ ನೀರು ಜೋಗದ ಪವರ್‌ಹೌಸಿನಲ್ಲಿ ಮಾಡಿಸುವುದೂ ಇದನ್ನೇ.

ಈಗ ಡೈನಮೋ ಜಾಗದಲ್ಲಿ ರೋಗಿಯ ಮಂಡಿ ಇಟ್ಟುಕೊಳ್ಳಿ. ನೀರು, ಕೊಬ್ಬಿನಲ್ಲಿರುವ ಹೈಡ್ರೋಜನ್ ಪ್ರೋಟಾನುಗಳು ಒಂದೊಂದೂ ಪುಟ್ಟ ಮ್ಯಾಗ್ನೆಟ್. 1.5 ಟೆಸ್ಲಾ (ಕಾಂತಕ್ಷೇತ್ರದ ಬಲದ ಅಳತೆ) ಯಂತ್ರದೊಳಗೆ 10 ಲಕ್ಷದಲ್ಲಿ ಸುಮಾರು 5 ಮಾತ್ರ ವಿರುದ್ಧ ದಿಕ್ಕಿನವಕ್ಕಿಂತ ಕ್ಷೇತ್ರದ ದಿಕ್ಕಿನಲ್ಲಿ ಜಾಸ್ತಿ ಉಳಿಯುತ್ತವೆ. ನಮಗೆ ಸಿಗುವ ಬಂಡವಾಳ ಇಷ್ಟೇ. ಅವೆಲ್ಲ ಸೇರಿ ಆದ ಕಾಂತತ್ವ ಯಂತ್ರದ ಉದ್ದಕ್ಕೆ ಸುಮ್ನೆ ನಿಂತಿದೆ. ಅದು ಬದಲಾಗುತ್ತಿಲ್ಲ, ಹಾಗಾಗಿ ಮಂಡಿಗೆ ಸುತ್ತಿದ ತಂತಿ ಸುರುಳಿಗೆ, ಅಂದರೆ ಕಾಯಿಲ್‌ಗೆ ಏನೂ ಗೊತ್ತಾಗುವುದಿಲ್ಲ. ಸುಮಾರು 63.9 ಮೆಗಾಹರ್ಟ್ಸ್ ರೇಡಿಯೋ ಅಲೆಯ ಪಲ್ಸ್ ಕೊಟ್ಟು ಅದನ್ನು ಅಡ್ಡ ಬೀಳಿಸಿದರೆ ಸೆಕೆಂಡಿಗೆ 6.39 ಕೋಟಿ ಸುತ್ತು ತಿರುಗಲು ಶುರುವಾಗುತ್ತದೆ. ಕಾಯಿಲ್‌ನಲ್ಲಿ ವೋಲ್ಟೇಜು ಹುಟ್ಟುತ್ತದೆ. ಹೀಗೆ ಪೂರ್ತಿ ಅಡ್ಡ ಬೀಳಿಸುವ 90 ಡಿಗ್ರಿ ಪಲ್ಸ್ ಯಾಕೆ ಅಂತ ಆಮೇಲೆ ಯಾರೂ ಕೇಳುವುದಿಲ್ಲ.

ಪ್ರೋಟಾನನ್ನು ಬುಗುರಿಗೆ ಹೋಲಿಸುವ ಉದಾಹರಣೆ ಸಾಲದೇ ಅನ್ನುತ್ತಾರೆ. ಬುಗುರಿ ವಾಲಿ ತಿರುಗುವುದನ್ನು ತೋರಿಸುತ್ತದೆ, ಆದರೆ ಸಿಗ್ನಲ್ ಎಲ್ಲಿಂದ ಬಂತು ಅಂತ ಹೇಳುವುದಿಲ್ಲ. ಆ ಖಾಲಿ ಜಾಗವನ್ನು ವಿದ್ಯಾರ್ಥಿಗಳು ತಮಗೆ ತೋಚಿದ್ದರಿಂದ ತುಂಬಿಕೊಳ್ಳುತ್ತಾರೆ. ಪ್ರೋಟಾನು ಪುಟ್ಟ ರೇಡಿಯೋ ಸ್ಟೇಷನ್, ಕಾಯಿಲ್ ಅದನ್ನು ಕೇಳುವ ರೇಡಿಯೋ ಅಂದುಕೊಳ್ಳುತ್ತಾರೆ. ಭದ್ರಾವತಿ ಆಕಾಶವಾಣಿ ತೀರ್ಥಹಳ್ಳಿಯಲ್ಲೂ ಕೇಳುತ್ತದೆ, ಮಂಡಿಯ ಕಾಯಿಲ್ ಒಂದು ಗೇಣು ದೂರ ಸರಿದರೆ ಚಿತ್ರವೆಲ್ಲ ಮರಳು ಮರಳು. ಭೌತವಿಜ್ಞಾನಿ ಫೆಲಿಕ್ಸ್ ಬ್ಲಾಖ್ 1946ರಲ್ಲಿ ಇದಕ್ಕೆ ಇಟ್ಟ ಹೆಸರೇ ನ್ಯೂಕ್ಲಿಯರ್ ಇಂಡಕ್ಷನ್. ಹೆಸರಲ್ಲೇ ಫ್ಯಾರಡೆ ಕೂತಿದ್ದಾನೆ, ನಾವು ಎಬ್ಬಿಸಿ ಕಳಿಸಿದ್ದೇವೆ.

ಇನ್ನೊಂದಿದೆ, ಇದು ಬರೀ ಪುಸ್ತಕದ ಮಾತಲ್ಲ. ಒಳಗೆ ಹೋಗುವ ಅಜ್ಜಿ ಹೆದರಿ ಎರಡೂ ಕೈ ಜೋಡಿಸಿಕೊಳ್ಳುತ್ತಾರೆ. ತೋಳು, ಎದೆ, ತೋಳು ಸೇರಿ ಒಂದು ಸುತ್ತು ತಂತಿಯ ಹಾಗಾಯಿತು. ಪಲ್ಸ್ ಬಿದ್ದಾಗ ಅದರಲ್ಲೂ ಕರೆಂಟು ಹರಿದು, ಚರ್ಮಕ್ಕೆ ಚರ್ಮ ತಾಗುವಲ್ಲಿ ಸುಡಬಹುದು. ಬೆಳ್ಳಿ ಕಾಲುಂಗುರವನ್ನು ಮ್ಯಾಗ್ನೆಟ್ ಎಳೆಯುವುದಿಲ್ಲ, ನಿಜ. ಆದರೆ ಅದೂ ಒಂದು ಸುತ್ತೇ ಅಲ್ವಾ? ಡೈನಮೋ ನೋಡಿದ ಹುಡುಗ ಸುರಕ್ಷತೆಯ ಪಟ್ಟಿಯಲ್ಲಿಲ್ಲದ ಅಪಾಯವನ್ನೂ ಗುರುತಿಸುತ್ತಾನೆ.

ವಿರೋಧ: ಮೊದಲು ಫಿಲ್ಮು ನೋಡಲಿ

ಡೈನಮೋ ಮೇಷ್ಟ್ರ ಪಾಠ ನಾನೂ ಕೇಳಿದ್ದೇನೆ. ಚೆನ್ನಾಗಿಯೇ ಇರುತ್ತದೆ. ನನ್ನ ತಕರಾರು ಡೈನಮೋ ಚೀಲಕ್ಕೆ ಹೋದ ಮೇಲಿನದು. ಎಲ್ಲರೂ ಅವರ ಹಾಗೆ ಹೇಳುವುದಿಲ್ಲ. ನಮಗೆ ಪಾಠ ಮಾಡಿದವರು ಮೊದಲ ದಿನವೇ ಬೋರ್ಡ್ ತುಂಬ ಬ್ಲಾಖ್ ಸಮೀಕರಣ ಬರೆದರು. ನಾವು ಪಿಯುಸಿ ಮುಗಿದ ಮೇಲೆ ಫಿಸಿಕ್ಸ್ ಪುಸ್ತಕ ಮುಟ್ಟಿದವರಲ್ಲ. ತಲೆ ಆಡಿಸುತ್ತಾ ಕಾಪಿ ಮಾಡಿಕೊಂಡೆವು.

ಅದೇ ತಿಂಗಳು ರಾತ್ರಿ ಡ್ಯೂಟಿಯಲ್ಲಿ ಒಬ್ಬ ಕೊನೆಗಾರ ಬಂದ. ಅಡಿಕೆ ಮರದಿಂದ ಬಿದ್ದಿದ್ದ. ಬೆನ್ನುಮೂಳೆಯ ಒಂದು ಬಿಲ್ಲೆ ಕುಸಿದಿತ್ತು. ಹೊಸ ಪೆಟ್ಟಾ, ಹಳೆಯದಾ? ಹೊಸದಾದರೆ ಮಜ್ಜೆಯಲ್ಲಿ ನೀರು ತುಂಬಿರುತ್ತದೆ. ಆದರೆ ಟಿ2 ಎಂಬ ಬಗೆಯ ಚಿತ್ರದಲ್ಲಿ ಮಜ್ಜೆಯ ಕೊಬ್ಬೂ ಬೆಳ್ಳಗೆ, ನೀರೂ ಬೆಳ್ಳಗೆ. ನನಗೆ ಏನೂ ಹೊಳೆಯಲಿಲ್ಲ. ಸೀನಿಯರ್ ಫೋನಿನಲ್ಲಿ, "ಸ್ಟಿರ್ ತೆಗೆಸಿ ಮಾರಾಯ್ರೇ" ಅಂದರು. ಅದು ಕೊಬ್ಬಿನ ಸಿಗ್ನಲ್ ಅಳಿಸಿ ತೆಗೆಯುವ ಚಿತ್ರ. ತೆಗೆಸಿದೆವು. ಕೊಬ್ಬು ಕಪ್ಪಾಗಿ, ಪೆಟ್ಟು ಬಿದ್ದ ಬಿಲ್ಲೆ ದೀಪದ ಹಾಗೆ ಎದ್ದು ಕಂಡಿತು. ಹೊಸ ಪೆಟ್ಟೇ.

ಕೊಬ್ಬು ಎಲ್ಲಿ ಹೋಯಿತು ಅಂತ ನಾನಾಗಿ ಕೇಳಿದ್ದು ಆವಾಗ. ಮೊದಲು ನೀರು, ಕೊಬ್ಬು ಎಲ್ಲದರ ಕಾಂತತ್ವವನ್ನೂ ತಲೆಕೆಳಗು ಮಾಡುತ್ತಾರೆ, ಕೊಬ್ಬು ಬೇಗ ಚೇತರಿಸಿಕೊಂಡು ಸೊನ್ನೆ ದಾಟುವ ಹೊತ್ತಿಗೆ, 1.5 ಟೆಸ್ಲಾದಲ್ಲಿ ಸುಮಾರು 150ರಿಂದ 160 ಮಿಲಿಸೆಕೆಂಡಿಗೆ, ಸರಿಯಾಗಿ ಅಳೆಯಲು ಶುರು ಮಾಡುತ್ತಾರೆ. ಟಿ1, ಅಂದರೆ ಹೀಗೆ ಚೇತರಿಸಿಕೊಳ್ಳುವ ವೇಗದ ಅಳತೆ, ಏನು ಅಂತ ಹತ್ತು ನಿಮಿಷದಲ್ಲಿ ತಲೆಗೆ ಹೋಯಿತು. ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ಔಷಧಿ ಕೊಟ್ಟ ಮೇಲೆ ಸ್ಟಿರ್ ಯಾಕೆ ತೆಗೆಯಬಾರದು ಅನ್ನುವುದೂ ಅದರ ಹಿಂದೆಯೇ ಬಂತು. ಔಷಧಿ ಹೀರಿದ ಗಡ್ಡೆಯ ಟಿ1 ಕೊಬ್ಬಿನ ಹತ್ತಿರಕ್ಕೆ ಇಳಿದರೆ ಗಡ್ಡೆಯೂ ಕಪ್ಪಾಗಿಬಿಡುತ್ತದೆ. ಇದಕ್ಕೆ ಫ್ಯಾರಡೆ ಬೇಕಾಗಲಿಲ್ಲ.

ಕೈ ಜೋಡಿಸುವ ವಿಷಯಕ್ಕೆ ಬಂದರೆ, ನಮ್ಮ ಟೆಕ್ನಿಷಿಯನ್ ಇಂಡಕ್ಷನ್ ಸುದ್ದಿ ಎತ್ತದೆ ದಿನಾ ಅಜ್ಜಿಯ ಕೈ ಬಿಡಿಸಿ ನಡುವೆ ಪ್ಯಾಡ್ ಇಡುತ್ತಾನೆ. ಎಂಡಿಗೆ ಇರುವುದು ಮೂರು ವರ್ಷ. ಅದರಲ್ಲೇ ಅಲ್ಟ್ರಾಸೌಂಡಿನ ಕ್ಯೂ, ರಾತ್ರಿಯ ಸಿಟಿ, ಥೀಸಿಸ್ಸು.

ಮೊನ್ನೆ ಒಬ್ಬ ಪಿಜಿ ಭುಜದ ಕೇಸ್ ತೋರಿಸಿ, "ಸರ್, ಟೆಂಡನ್ (ಸ್ನಾಯುರಜ್ಜು) ಇಲ್ಲಿ ಬೆಳ್ಳಗಿದೆ, ಹರಿದಿದೆಯಾ?" ಅಂದಳು. ಟಿಇ, ಅಂದರೆ ಪಲ್ಸ್ ಕೊಟ್ಟು ಸಿಗ್ನಲ್ ಅಳೆಯುವವರೆಗಿನ ಸಮಯ, ಜಾಸ್ತಿ ಇರುವ ಚಿತ್ರ ನೋಡು ಅಂದೆ. ಅಲ್ಲಿ ಬಿಳುಪು ಮಾಯ. ಟೆಂಡನ್ ಆ ಜಾಗದಲ್ಲಿ ಕಾಂತಕ್ಷೇತ್ರಕ್ಕೆ ಸುಮಾರು 55 ಡಿಗ್ರಿ ಓರೆಯಾಗಿತ್ತು, ಅಷ್ಟೇ. ಆ ಓರೆಯಲ್ಲಿ ಟಿಇ ಕಮ್ಮಿ ಇದ್ದರೆ ಹರಿಯದ ಟೆಂಡನ್ನೂ ಬೆಳ್ಳಗೆ ಕಾಣುತ್ತದೆ. ಅವಳು ಬಿಡಲಿಲ್ಲ: "55ಏ ಯಾಕೆ ಸರ್?"

ಡೈನಮೋ ಮೇಷ್ಟ್ರ ನಂಬರ್ ಕೊಟ್ಟು ಕಳಿಸಿದೆ.