ಮುಂಬಯಿ, ಪುಣೆಯ ಕನ್ನಡ ತರಗತಿಗೆ ಯಾವ ಉಚಿತ ಹಾಳೆ ಪ್ರಿಂಟ್ ಮಾಡಬೇಕು, ಯಾವುದನ್ನು ಬಿಡಬೇಕು

ಜೂನ್ ಬಂತು, ಶಾಲೆ ಶುರು. ವಾಟ್ಸಾಪ್ ಗುಂಪುಗಳಲ್ಲಿ ಉಚಿತ ವರ್ಕ್‌ಶೀಟ್‌ಗಳೂ ಒಂದರ ಮೇಲೊಂದು ಬಂದು ಬೀಳುತ್ತಿವೆ. ಇಲ್ಲಿನ ಕನ್ನಡ ಮಾಧ್ಯಮದ ಶಿಕ್ಷಕರಿಗೆ ನೇರವಾಗಿ ಹೇಳುತ್ತೇನೆ: ಅವುಗಳಲ್ಲಿ ಹೆಚ್ಚಿನವನ್ನು ಪ್ರಿಂಟ್ ಮಾಡಬೇಡಿ. ಒಮ್ಮೆ ಬರೆದು ಎಸೆಯುವ ನೂರು ಹಾಳೆಗಿಂತ ಇಡೀ ವರ್ಷ ಆಡಿಸಬಹುದಾದ ಹತ್ತು ಸೆಟ್ ಕಾರ್ಡ್ ಮಕ್ಕಳಿಗೆ ಹೆಚ್ಚು ಕಲಿಸುತ್ತದೆ.

ಉಚಿತ ಅನ್ನುವುದು ಫೈಲ್ ಇಳಿಸಿಕೊಳ್ಳುವವರೆಗೆ ಮಾತ್ರ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ ಎಂದಿದೆ. ತರಗತಿಯಲ್ಲಿ 30 ಮಕ್ಕಳು, ದಿನಕ್ಕೆ ತಲೆಗೊಂದು ಹಾಳೆ ಅಂದುಕೊಳ್ಳಿ: 6,000 ಹಾಳೆ, ಅಂದರೆ 500 ಹಾಳೆಯ 12 ರೀಮ್. 75 ಜಿಎಸ್‌ಎಂ ಎ4 ರೀಮ್ ಒಂದು 2.3 ಕಿಲೋ ಚಿಲ್ಲರೆ ತೂಗುತ್ತದೆ. ಒಟ್ಟು 28 ಕಿಲೋ ಕಾಗದ, ಅದರ ಮೇಲೆ ಟೋನರ್ ಖರ್ಚು. ಇದು ಬಹಳ ಕಡೆ ಶಿಕ್ಷಕರ ಜೇಬಿನಿಂದಲೇ ಹೋಗುತ್ತದೆ.

ಖರ್ಚಿಗಿಂತ ದೊಡ್ಡ ತೊಂದರೆ ಭಾಷೆಯದು. ಸಿಗುವ ಹಾಳೆಗಳಲ್ಲಿ ಬಹುಪಾಲು ಇಂಗ್ಲಿಷ್ ಕಲಿಸಲು ಮಾಡಿದವು. ಚಿತ್ರ ಹಾಗೇ ಇಟ್ಟು ಪದ ಮಾತ್ರ ಕನ್ನಡ ಮಾಡಿರುತ್ತಾರೆ. ‘ಆ’ ಅಕ್ಷರದ ಕೆಳಗೆ ಸೇಬಿನ ಚಿತ್ರ ಹಾಕಿ ‘ಆಪಲ್’ ಅನ್ನುವ ಹಾಳೆಯಿಂದ ಏನು ಪ್ರಯೋಜನ? ಕನ್ನಡದಲ್ಲೇ ಮಾಡಿದ ಚಾರ್ಟ್‌ಗಳಲ್ಲೂ ಅ ಅಂದರೆ ಅಗಸ. ಮುಂಬಯಿಯ ಮಗುವಿಗೆ ಅವನು ಧೋಬಿ. ಅದರ ಬದಲು ಅಲೆ ಹಾಕಿ, ಇ ಗೆ ಇಸ್ತ್ರಿ, ದ ಗೆ ದೋಣಿ, ವ ಗೆ ವಡೆ. ಛ ಗೆ ಛತ್ರಿ ಹಾಕುವ ಮುಂಚೆ ಚಿತ್ರವನ್ನಷ್ಟೇ ತೋರಿಸಿ ನಾಲ್ಕೈದು ಮಕ್ಕಳನ್ನು ಕೇಳಿ. ಅರ್ಧ ಮಕ್ಕಳು ‘ಕೊಡೆ’ ಅಂದರೆ ಆ ಚಿತ್ರ ಛ ಕಲಿಸುವುದಿಲ್ಲ. ಪ್ರತಿ ಚಿತ್ರಕ್ಕೂ ಹೀಗೆ ಒಮ್ಮೆ ಕೇಳಿ ನೋಡಿದ ಮೇಲೆಯೇ ಪ್ರಿಂಟ್‌ಗೆ ಕೊಡಬೇಕು.

ಇಲ್ಲಿನ ಮಕ್ಕಳಿಗೆ ಇನ್ನೊಂದು ವಿಶೇಷ ಇದೆ, ಅದನ್ನು ಬೆಂಗಳೂರಿನಲ್ಲಿ ಮಾಡಿದ ಹಾಳೆಯೂ ಗಮನಿಸುವುದಿಲ್ಲ. ನಮ್ಮ ಮಕ್ಕಳು ಕನ್ನಡದ ಜೊತೆಜೊತೆಗೇ ದೇವನಾಗರಿ ಓದುತ್ತಾರೆ. ಮರಾಠಿಯಲ್ಲಿ ಎ, ಏ ಎರಡಕ್ಕೂ ಒಂದೇ ಅಕ್ಷರ. ಒ, ಓ ಎರಡಕ್ಕೂ ಒಂದೇ. ಹಾಗಾಗಿ ಕೆ–ಕೇ, ಕೊ–ಕೋ ಬೆರೆಯುತ್ತವೆ. ಇದು ಅಜಾಗರೂಕತೆಯಲ್ಲ, ಎರಡನೇ ಲಿಪಿಯ ಪ್ರಭಾವ. ಕೆಂಪು ಶಾಯಿಯಲ್ಲಿ ತಿದ್ದಿದರೆ ಹೋಗುವುದಿಲ್ಲ. ಜೋಡಿ ಕಾರ್ಡ್ ಮಾಡಿ: ಬೆಳೆ–ಬೇಳೆ, ಒಲೆ–ಓಲೆ, ಕೊಡು–ಕೋಡು, ತೊಡು–ತೋಡು. ಎಂಟು ಪದದ ಕಾರ್ಡ್, ಎಂಟು ಚಿತ್ರದ ಕಾರ್ಡ್. ನೀವು ಪದ ಹೇಳಬೇಕು, ಮಗು ಚಿತ್ರ ಎತ್ತಬೇಕು. ಆಮೇಲೆ ಚಿತ್ರ ನೋಡಿ ಪದದ ಕಾರ್ಡ್ ಹುಡುಕಬೇಕು. ಮೊದಲು ಕಿವಿ, ಆಮೇಲೆ ಕಣ್ಣು, ಈ ಕ್ರಮ ತಪ್ಪಿಸಬೇಡಿ. (ತುಳು ಮನೆಯ ಮಗು ತೋಡು ಅಂದರೆ ನೀರು ಹರಿಯುವ ಸಣ್ಣ ಹಳ್ಳ ಅನ್ನಬಹುದು. ಅದೂ ಸರಿಯೇ, ಆ ಚಿತ್ರವನ್ನೂ ಸೇರಿಸಿಕೊಳ್ಳಿ.)

ಪದದ ಕೊನೆಯ ಅಕಾರ ನುಂಗುವುದೂ ಇಲ್ಲಿಂದಲೇ ಬರುವುದು. ಮರಾಠಿಯಲ್ಲಿ ‘ಪುಸ್ತಕ’ ಎಂದು ಬರೆದು ‘ಪುಸ್ತಕ್’ ಎಂದು ಓದುತ್ತಾರೆ; ಕನ್ನಡ ಪಾಠದಲ್ಲೂ ಮಗು ಹಾಗೇ ಓದುತ್ತದೆ. ಒತ್ತಕ್ಷರದ ಗೊಂದಲ ಇನ್ನೂ ಆಳದ್ದು. ದೇವನಾಗರಿಯಲ್ಲಿ ಮೊದಲ ವ್ಯಂಜನ ಅರ್ಧವಾಗಿ ಎರಡನೆಯದು ಪೂರ್ತಿ ಉಳಿಯುತ್ತದೆ. ಕನ್ನಡದಲ್ಲಿ ಕಣ್ಣಿಗೆ ಕಾಣುವುದು ಉಲ್ಟಾ: ಮೊದಲನೆಯದು ಪೂರ್ತಿ ಗಾತ್ರ, ಎರಡನೆಯದು ಕೆಳಗೆ ಸಣ್ಣದಾಗಿ. ಇದಕ್ಕೆ ಮಡಿಸುವ ಪಟ್ಟಿ ಒಳ್ಳೆಯದು. ಪಟ್ಟಿ ತೆರೆದಾಗ ‘ಸ್’ ಮತ್ತು ‘ತ’ ಬೇರೆ ಬೇರೆ ಕಾಣಬೇಕು, ಮಡಿಸಿದಾಗ ‘ಸ್ತ’. ಅರ್ಕಾವತ್ತಿನಲ್ಲಿ ಮಾತ್ರ ಮರಾಠಿ ನಮಗೆ ಸಹಾಯಕ್ಕೆ ಬರುತ್ತದೆ. ರಫಾರ (ಮರಾಠಿಯಲ್ಲಿ ಅಕ್ಷರದ ತಲೆಯ ಮೇಲೆ ಬರೆಯುವ ರ) ಗೊತ್ತಿರುವ ಮಗುವಿಗೆ ಮೊದಲು ಉಚ್ಚರಿಸುವ ರ ಬೇರೆ ಜಾಗದಲ್ಲಿ ಬರೆಯುತ್ತಾರೆ ಅನ್ನುವುದು ಆಗಲೇ ಗೊತ್ತು. ‘ಸೂರ್ಯ’ ಎರಡೂ ಲಿಪಿಯಲ್ಲಿ ಅಕ್ಕಪಕ್ಕ ಬರೆದು ತೋರಿಸಿದರೆ ಸಾಕು.

ಸಂಖ್ಯೆಯಲ್ಲೂ ಇದೇ. ಕನ್ನಡದಲ್ಲಿ ಇಪ್ಪತ್ತೊಂದು ಅಂದರೆ ಮೊದಲು ಇಪ್ಪತ್ತು, ಆಮೇಲೆ ಒಂದು. ಬರೆಯುವ ಕ್ರಮವೂ ಅದೇ. ಮರಾಠಿಯ ‘ಏಕವೀಸ್’ನಲ್ಲಿ ಒಂದು ಮೊದಲು ಬರುತ್ತದೆ. ಇದೇ ಕಾರಣಕ್ಕೆ 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಎರಡನೇ ತರಗತಿ ಗಣಿತದಲ್ಲಿ ‘ವೀಸ್ ಏಕ್’ ಎಂದು ಓದುವ ರೀತಿ ತಂದಾಗ ರಾಜ್ಯದಲ್ಲಿ ದೊಡ್ಡ ಚರ್ಚೆ ಎದ್ದಿತ್ತು. ಕನ್ನಡಕ್ಕೆ ಹುಟ್ಟಿನಿಂದಲೇ ಇರುವ ಈ ಅನುಕೂಲವನ್ನು ಬಳಸಿಕೊಳ್ಳಿ. ಬಿಡಿ, ಹತ್ತು, ನೂರರ ಸ್ಥಾನಬೆಲೆ ಕಾರ್ಡ್‌ಗಳನ್ನು 5, 10, 15 ಸೆಂ.ಮೀ. ಅಗಲಕ್ಕೆ ಕತ್ತರಿಸಿ, ಎಲ್ಲವೂ 7 ಸೆಂ.ಮೀ. ಎತ್ತರ. 300ರ ಮೇಲೆ 60, ಅದರ ಮೇಲೆ 3 ಬಲ ಅಂಚು ಸೇರಿಸಿ ಇಟ್ಟರೆ 363 ಕಾಣುತ್ತದೆ. ಹಿಂಭಾಗದಲ್ಲಿ ಪದ ಬರೆದಿಡಿ: ಮುನ್ನೂರು, ಅರವತ್ತು, ಮೂರು. ಬೀದಿಯಲ್ಲಿ ‘ತ್ರೇಸಷ್ಟ್’ (63) ಕೇಳಿ 36 ಬರೆಯುವ ಮಗು ಈ ಕಾರ್ಡ್ ಜೋಡಿಸುತ್ತಾ ತಾನೇ ತಿದ್ದಿಕೊಳ್ಳುತ್ತದೆ.

ಈ ಕಾರ್ಡ್ ಪ್ರಿಂಟ್ ಮಾಡುವಾಗಲೇ ಅಳತೆ ತಪ್ಪುವುದು. ಅಮೆರಿಕದ ಹಾಳೆಗಳು ಲೆಟರ್ ಗಾತ್ರದವು, 216 × 279 ಮಿ.ಮೀ. ನಮ್ಮ ಎ4 210 × 297. ‘ಫಿಟ್’ ಒತ್ತಿದರೆ ಸುಮಾರು 97 ಪರ್ಸೆಂಟ್‌ಗೆ ಕುಗ್ಗುತ್ತದೆ, 15 ಸೆಂ.ಮೀ. ಸ್ಕೇಲಿನ ಚಿತ್ರ 14.6ಕ್ಕೆ ಬಂದು ನಿಲ್ಲುತ್ತದೆ. ಓದುವ ಹಾಳೆಗೆ ಪರವಾಗಿಲ್ಲ, ಅಳತೆಯ ಪಾಠಕ್ಕೆ ಅದು ಸುಳ್ಳು ಹೇಳುತ್ತದೆ. ನೀವೇ ಎ4ನಲ್ಲಿ ಮಾಡಿದ್ದಾದರೆ ‘ಆಕ್ಚುವಲ್ ಸೈಜ್’ ಆರಿಸಿ, ಮೂಲೆಯಲ್ಲಿ 5 ಸೆಂ.ಮೀ. ಗೆರೆಯೊಂದನ್ನು ಹಾಕಿಡಿ. ಒಂದು ಪ್ರತಿ ತೆಗೆದು ಆ ಗೆರೆಯನ್ನು ಸ್ಕೇಲಿನಿಂದ ಅಳೆದು, ಸರಿಯಿದ್ದರೆ ಮಾತ್ರ ಉಳಿದ ಪ್ರತಿ ತೆಗೆಸಿ.

ಉಚಿತವಾಗಿ ಪಡೆಯಲೇಬೇಕಾದದ್ದು ಕಥೆ. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಚಿತ್ರಕಥೆಗಳು ನಾಲ್ಕು ಓದುವ ಹಂತಗಳಲ್ಲಿವೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುವುದರಿಂದ ಇಳಿಸಿಕೊಳ್ಳಬಹುದು, ಪ್ರಿಂಟ್ ಮಾಡಬಹುದು, ಪದ ಬದಲಿಸಬಹುದು. ಬರೆದವರ, ಚಿತ್ರ ಬಿಡಿಸಿದವರ ಹೆಸರಿರುವ ಪುಟವನ್ನು ಮಾತ್ರ ಬಿಡಬಾರದು. ಗೂಗಲ್‌ನಲ್ಲಿ ಸಿಕ್ಕ ಚಿತ್ರಕ್ಕೆ ಈ ಸ್ವಾತಂತ್ರ್ಯ ಇಲ್ಲ. ಬಾಲಭಾರತಿಯ ಕನ್ನಡ ಪಠ್ಯಪುಸ್ತಕಗಳ ಪಿಡಿಎಫ್ ಸಿಗುತ್ತದೆ, ನಿಮ್ಮ ಕಾರ್ಡ್‌ನ ಪದಗಳನ್ನು ಅದೇ ಪಾಠಗಳಿಂದ ಆರಿಸಿ. ಕಾಗದದ ಆಟಿಕೆಗೆ ಪುಣೆಯ ಖಗೋಳ ವಿಜ್ಞಾನ ಸಂಸ್ಥೆ ಅಯುಕಾದ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಕೆಲಸ ಮಾಡಿದ ಅರವಿಂದ ಗುಪ್ತಾ ಅವರ ಜಾಲತಾಣವೇ ಒಂದು ಖಜಾನೆ.

ಕಥೆಯನ್ನು ಬಣ್ಣದಲ್ಲಿ ಪೂರ್ತಿ ಪ್ರಿಂಟ್ ಮಾಡಿದರೆ ಖರ್ಚು ತಡೆಯಲಾರಿರಿ. ಮೊದಲ ಹಂತದ ಕಥೆಗೆ ಒಂದೇ ಹಾಳೆಯ ಪುಟ್ಟ ಪುಸ್ತಕ ಸಾಕು, ಹೊಲಿಗೆ ಬೇಡ, ಪಿನ್ನೂ ಬೇಡ. ಎ4 ಹಾಳೆಯನ್ನು ಅಡ್ಡ ಇಟ್ಟು ಎಂಟು ಮನೆ ಮಾಡಿ. ಒಂದೊಂದು ಮನೆ 74 × 105 ಮಿ.ಮೀ. ಕೆಳಗಿನ ಸಾಲಿನಲ್ಲಿ ಎಡದಿಂದ 8, 1, 2, 3ನೇ ಪುಟ ನೇರವಾಗಿ. ಮೇಲಿನ ಸಾಲಿನಲ್ಲಿ ಎಡದಿಂದ 7, 6, 5, 4 ತಲೆಕೆಳಗಾಗಿ. ಪ್ರಿಂಟ್ ಒಂದೇ ಬದಿಗೆ. ಎಲ್ಲ ಗೆರೆಗಳನ್ನೂ ಮಡಿಸಿ ಬಿಚ್ಚಿ. ನಡುವಿನ ಉದ್ದ ಗೆರೆಯಲ್ಲಿ ಮಧ್ಯದ ಎರಡು ಮನೆಗಳ ಅಗಲದಷ್ಟು ಮಾತ್ರ ಕತ್ತರಿಸಿ. ಎರಡು ತುದಿಯಲ್ಲಿ ಒಂದೊಂದು ಮನೆ ಕೂಡಿಕೊಂಡೇ ಇರಬೇಕು. ಅಚ್ಚು ಹೊರಗೆ ಕಾಣುವಂತೆ ಉದ್ದಕ್ಕೆ ಮಡಿಸಿ, ಎರಡು ತುದಿಯಿಂದ ಒಳಕ್ಕೆ ತಳ್ಳಿದರೆ ನಡುವೆ ಬಾಯಿ ತೆರೆದು ಕೂಡಿಸುವ ಚಿಹ್ನೆಯಾಗುತ್ತದೆ. 1ನೇ ಪುಟ ಮೇಲೆ ಬರುವಂತೆ ಮುಚ್ಚಿ, ಅಷ್ಟೇ. ಕತ್ತರಿ ತುದಿಯವರೆಗೆ ಹೋದರೆ ಹಾಳೆ ಎರಡು ತುಂಡು. ಅದಕ್ಕೇ ಕತ್ತರಿಸುವ ಗೆರೆ ದಪ್ಪ, ಮಡಿಸುವ ಗೆರೆ ಚುಕ್ಕಿ ಇರಲಿ. ಬರೆದವರ, ಚಿತ್ರ ಬಿಡಿಸಿದವರ ಹೆಸರಿನ ಸಾಲನ್ನು 8ನೇ ಪುಟದಲ್ಲಿ ಹಾಕಿ.

ಟೈಪ್ ಮಾಡುವಾಗ ಯೂನಿಕೋಡ್ ಬಳಸಿ. ಹಳೆಯ ನುಡಿ ಫಾಂಟ್‌ನ ಫೈಲ್ ಝೆರಾಕ್ಸ್ ಅಂಗಡಿಯ ಕಂಪ್ಯೂಟರ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ತೆರೆಯುತ್ತದೆ. ಏನೇ ಇರಲಿ, ಪಿಡಿಎಫ್ ಮಾಡಿಯೇ ಕಳಿಸಿ. ಸಾಲುಗಳ ಅಂತರ ಒಂದೂವರೆ ಇರಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಒಂದನೇ ತರಗತಿಗೆ 30 ಪಾಯಿಂಟ್‌ಗಿಂತ ಸಣ್ಣ ಅಕ್ಷರ ಬೇಡ. ಓದಲು ನೋಟೊ ಸಾನ್ಸ್ ಕನ್ನಡ ಸಾಕು. ಮುಂಬಯಿಯ ಏಕ್ ಟೈಪ್ ಸಂಸ್ಥೆಯವರ ‘ಬಲೂ ತಮ್ಮ’ ಅನ್ನುವ ಫಾಂಟ್ ಶೀರ್ಷಿಕೆಗೆ ಚೆಂದ, ತಿದ್ದಿಸಲು ಅಲ್ಲ. ಎರಡೂ ಉಚಿತ. ತಿದ್ದುವ ಹಾಳೆಗೆ ಬೂದು ಬಣ್ಣ ಬೇಡ, ಝೆರಾಕ್ಸ್‌ನಲ್ಲಿ ಮಾಯವಾಗುತ್ತದೆ. ಟೊಳ್ಳು ಅಕ್ಷರ ಮಾಡಿ, ಶುರುವಾಗುವ ಜಾಗದಲ್ಲಿ ಒಂದು ಚುಕ್ಕಿ, ದಿಕ್ಕಿಗೆ ಬಾಣ ಹಾಕಿ. ಕ್ರಮ ಅಆಇಈ ಆಗಬೇಕಿಲ್ಲ. ಕೈಗೆ ಸುಲಭವಾದ ರಗಸದಅ, ಜವಮಬನ ಕ್ರಮವೇ ಮೇಲು.

ಇನ್ನು ಮಳೆ. ಇಲ್ಲಿ ಕಾರ್ಡ್ ಹಾಳಾಗುವುದು ಹೆಚ್ಚಾಗಿ ಜುಲೈನಲ್ಲಿ. ತೇವ ಹೀರಿದ ಹಾಳೆಯನ್ನು ಲ್ಯಾಮಿನೇಟ್ ಮಾಡಿದರೆ ಬಿಸಿಗೆ ಆ ತೇವ ಆವಿಯಾಗಿ ಗುಳ್ಳೆ ಏಳುತ್ತದೆ. ಮೊದಲು ಹಾಳೆಯ ಮೇಲೆ ಸಾಧಾರಣ ಬಿಸಿಯ ಇಸ್ತ್ರಿ ಒಮ್ಮೆ ಆಡಿಸಿ (ಲೇಸರ್ ಪ್ರಿಂಟ್ ಆದರೆ ಅಚ್ಚಿಲ್ಲದ ಬದಿಗೆ, ಇಲ್ಲವಾದರೆ ಟೋನರ್ ಕರಗಿ ಅಂಟುತ್ತದೆ). ಇಂಕ್‌ಜೆಟ್ ಪ್ರಿಂಟ್ ಒಂದು ದಿನ ಒಣಗಲಿ. ಎಲ್ಲರೂ ಮಾಡುವ ತಪ್ಪು, ಇಡೀ ಎ4 ಲ್ಯಾಮಿನೇಟ್ ಮಾಡಿ ಆಮೇಲೆ ಕಾರ್ಡ್ ಕತ್ತರಿಸುವುದು. ಆಗ ಕಾಗದದ ಅಂಚು ತೆರೆದಿದ್ದು ನೀರು ಒಳಗೆ ಹೋಗುತ್ತದೆ, ಪ್ಲಾಸ್ಟಿಕ್ ಎರಡಾಗಿ ಬಿಚ್ಚುತ್ತದೆ. ಮೊದಲು ಕತ್ತರಿಸಿ, ಪೌಚ್‌ನಲ್ಲಿ ಒಂದು ಸೆಂ.ಮೀ. ಅಂತರ ಬಿಟ್ಟು ಜೋಡಿಸಿ, ಆಮೇಲೆ ಸುತ್ತಲೂ 4-5 ಮಿ.ಮೀ. ಅಂಚು ಉಳಿಸಿ ಕತ್ತರಿಸಿ. 125 ಮೈಕ್ರಾನ್ ಪೌಚ್ ಸಾಕು. ಮೂಲೆಗಳನ್ನು ದುಂಡಗೆ ಮಾಡಿ, ಚೂಪು ಮೂಲೆ ಮಕ್ಕಳ ಕೈಗೆ ಚುಚ್ಚುತ್ತದೆ.

ಬಣ್ಣದ ಪ್ರಿಂಟ್ ಬದಲು ಬಣ್ಣದ ಕಾಗದದ ಮೇಲೆ ಕಪ್ಪು ಅಚ್ಚು: ಸ್ವರಕ್ಕೆ ಹಳದಿ, ವ್ಯಂಜನಕ್ಕೆ ಬಿಳಿ, ಒತ್ತಿಗೆ ಗುಲಾಬಿ. ಲ್ಯಾಮಿನೇಟ್ ಮಾಡುವ ಮುಂಚೆ ಪ್ರತಿ ಕಾರ್ಡ್‌ನ ಹಿಂದೆ ಸೆಟ್‌ನ ಸಂಖ್ಯೆ ಬರೆಯಿರಿ, ಡಬ್ಬಿಯ ಮುಚ್ಚಳದ ಒಳಗೆ ಒಟ್ಟು ಎಷ್ಟು ಕಾರ್ಡ್ ಎಂದು. ಬೆಂಚಿನ ಕೆಳಗೆ ಸಿಕ್ಕ ಒಂಟಿ ‘ಬೇಳೆ’ ಯಾವ ಡಬ್ಬಿಗೆ ಸೇರಬೇಕು ಎಂದು ಎರಡನೇ ತರಗತಿಯ ಮಗುವೇ ಹಿಂಬದಿ ನೋಡಿ ಹಾಕಿಬಿಡುತ್ತದೆ.