ಒಂದು ಸೈನ್ ಇತ್ತು ಸಾರ್

ನೀವು ಸರ್ಕಾರಿ ಶಾಲೆಯ ಎಸ್‌ಡಿಎಂಸಿಗೆ ನನ್ನ ಹಾಗೆ ಅಧ್ಯಕ್ಷರಾಗಿದ್ದು, ದೊಡ್ಡ ಮೇಷ್ಟ್ರು ಫೋನ್ ಮಾಡಿ "ಒಂದು ಸೈನ್ ಇತ್ತು ಸಾರ್" ಅಂದರೆ ನಂಬಲೇಬೇಡಿ. ಸೈನಿಗೆ ಅರ್ಧ ನಿಮಿಷ ಸಾಕು, ನಿಜ. ಹೋದವರು ವಾಪಸ್ ಬರುವಾಗ ಮಾತ್ರ ಮಧ್ಯಾಹ್ನ ತಿರುಗಿರುತ್ತದೆ, ಜೇಬಲ್ಲಿ ಕೆಟ್ಟುಹೋದ ನಲ್ಲಿಯೊಂದು ಇರುತ್ತದೆ, "ಪೇಟೆಗೆ ಹೋದಾಗ ಇದೇ ಸೈಜಿಂದು ತನ್ನಿ" ಅಂತ. ಈ ಸಲ ಆಗಸ್ಟ್ 14ರ ಸಂಜೆಯ ಫೋನಿನಲ್ಲಿ "ಹಂಗೇ ಬಾವುಟಾನೂ ಸ್ವಲ್ಪ ಕಟ್ಕೊಟ್ಬಿಡಿ" ಎಂಬುದೂ ಸೇರಿತ್ತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, 2001ರಿಂದ ನಮ್ಮಲ್ಲಿದೆ. ಪೋಷಕರಲ್ಲಿ 18 ಮಂದಿ ಚುನಾಯಿತರು, ಅರ್ಧದಷ್ಟು ಹೆಂಗಸರು ಇರಬೇಕು. ಅಧ್ಯಕ್ಷರು ಯಾರಾಗಬೇಕು ಅನ್ನುವ ಮಾತು ಬಂದಾಗ ಎಲ್ಲರೂ ನೆಲ ನೋಡುತ್ತಾರೆ. ಮೊದಲು ತಲೆ ಎತ್ತಿದವರೇ ಅಧ್ಯಕ್ಷರು. ಬ್ಯಾಂಕಿನಲ್ಲಿ ಅವರಿಗೂ ಮುಖ್ಯ ಶಿಕ್ಷಕರಿಗೂ ಜಂಟಿ ಖಾತೆ. ಪೊರಕೆಯಿಂದ ಹಿಡಿದು ಪೇಂಟಿನವರೆಗೆ ಪ್ರತಿ ಚೆಕ್ಕಿಗೂ ಎರಡು ಸಹಿ. ಕೆಲವು ಊರುಗಳಲ್ಲಿ ಈ ಕುರ್ಚಿಗೂ ಪಾರ್ಟಿ ಕಟ್ಟಿ ಹೊಡೆದಾಡುತ್ತಾರಂತೆ. ಅವರು ಹಾಲಿನ ಪುಡಿ ಕಲಸಿ ನೋಡಿರಲಿಕ್ಕಿಲ್ಲ.

2013ರಲ್ಲಿ ಕ್ಷೀರಭಾಗ್ಯ ಶುರುವಾದಾಗಿನ ಲೆಕ್ಕ ಮಗುವೊಂದಕ್ಕೆ 18 ಗ್ರಾಂ ಪುಡಿ, 150 ಮಿ.ಲೀ. ಹಾಲು. ನೂರು ಮಕ್ಕಳಿದ್ದರೆ 1.8 ಕೆಜಿ ಪುಡಿ, 15 ಲೀಟರ್ ಹಾಲು. ಕುದಿಯುವ ನೀರಿಗೆ ಪುಡಿಯನ್ನು ಒಮ್ಮೆಲೇ ಸುರಿದಿರೋ, ಕೆಟ್ಟಿತು: ಹೊರಗಿನ ಪದರ ನೀರು ಹೀರಿ ಅಂಟಾಗುತ್ತದೆ, ಒಳಗಿನ ಪುಡಿ ಒಣಗಿದ್ದು ಒಣಗಿದ ಹಾಗೇ ಗಂಟುಕಟ್ಟುತ್ತದೆ. ಮೊದಲು ಉಗುರುಬೆಚ್ಚಗಿನ ನೀರಲ್ಲಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ಬಿಸಿನೀರು ಬೆರೆಸಬೇಕು. ಅಡುಗೆಯ ಅಕ್ಕನಿಗೆ ಇದೆಲ್ಲ ಗೊತ್ತು. ಮೇಲುಸ್ತುವಾರಿಗೆಂದು ಹೋಗಿ "ಕೊಡಮ್ಮ, ನಾನು ಕಲಸ್ತೀನಿ" ಅಂದವರಿಗೆ ಗೊತ್ತಿರುವುದಿಲ್ಲ. ಆಕೆ ಏನೂ ಅನ್ನದೆ ಸೌಟು ವಾಪಸ್ ತೆಗೆದುಕೊಳ್ಳುತ್ತಾಳೆ. ಊಟದ ಹೊತ್ತಿಗೆ ರುಚಿ ನೋಡಿ, ರಿಜಿಸ್ಟರಿನಲ್ಲಿ 'ಚೆನ್ನಾಗಿದೆ' ಎಂದು ಬರೆದು, ಅದಕ್ಕೂ ಸೈನು.

ಇನ್ನು ಬಾವುಟ. ಪಿ.ಟಿ. ಮೇಷ್ಟ್ರಿಲ್ಲದ ಶಾಲೆಯಲ್ಲಿ ಅದು ಅಧ್ಯಕ್ಷರ ತಲೆಗೇ ಬರುತ್ತದೆ. ನೋಡಲು ಸುಲಭ. ಕೇಸರಿ ಬದಿಯ ಮರದ ಗುಂಡಿಯನ್ನು ಮೇಲಿನ ಕುಣಿಕೆಗೆ, ಹಸಿರು ಬದಿಯ ಹಗ್ಗವನ್ನು ಕೆಳಗಿನದಕ್ಕೆ ಸೇರಿಸಿ. ಬಾವುಟವನ್ನು ಉದ್ದಕ್ಕೆ ಮಡಿಸಿ, ನಡುವೆ ಹೂವಿನ ಎಸಳಿಟ್ಟು (ಧ್ವಜ ಸಂಹಿತೆಯೇ ಇದಕ್ಕೆ ಅವಕಾಶ ಕೊಟ್ಟಿದೆ) ಸುತ್ತಿ, ಕೆಳಗಿನ ಹಗ್ಗದಿಂದಲೇ ಒಂದು ಸುತ್ತು ಹಾಕಿ, ಎಳೆದರೆ ಬಿಚ್ಚುವಂತೆ ಒಂದೇ ಒಂದು ಗಂಟು. ಆದರೆ ಒಂದಕ್ಕೆ ಯಾರ ಮನಸ್ಸು ನಿಲ್ಲುತ್ತದೆ? ಗಾಳಿಗೆ ಮೊದಲೇ ಬಿಚ್ಚಿಕೊಂಡರೆ ಅಂತ ಇನ್ನೊಂದು, ಊರ ಮಾನದ ಪ್ರಶ್ನೆ ಅಂತ ಮತ್ತೊಂದು. ರಾತ್ರಿಯೆಲ್ಲ ಮಳೆ, ನೂಲಿನ ಹಗ್ಗ ನೆಂದು ಉಬ್ಬಿ, ಮೂರು ಗಂಟೂ ಒಂದಾಗಿ ಕೂರುತ್ತವೆ.

ಬೆಳಗ್ಗೆ ಅತಿಥಿಗಳು ಎಳೆಯುತ್ತಾರೆ. ಅದೂ ತಪ್ಪು ಹಗ್ಗ. ಮಕ್ಕಳು ಕೈ ಹಣೆಗೇರಿಸಿ ನಿಂತಾಗಿದೆ. ಒಬ್ಬರು "ಜೋರಾಗ್ ಎಳೀರಿ" ಅನ್ನುತ್ತಾರೆ, ಇನ್ನೊಬ್ಬರು "ಜಗ್ಗಬ್ಯಾಡ್ರೀ, ಅಲ್ಲಾಡ್ಸಿ". ಅದುವರೆಗೆ ಶಾಲೆಯ ಗೇಟು ದಾಟದವರೆಲ್ಲ ಗಂಟಿನ ತಜ್ಞರಾಗುತ್ತಾರೆ. ಹುರುಪಿನ ಹುಡುಗಿಯೊಬ್ಬಳು ಕಾದು ಸಾಕಾಗಿ 'ಜನಗಣಮನ' ಎತ್ತಿಯೇಬಿಡುತ್ತಾಳೆ. 52 ಸೆಕೆಂಡಿನ ಗೀತೆ ಮುಗಿದರೂ ಗಂಟು ಬಿಚ್ಚಿರುವುದಿಲ್ಲ. ಕೊನೆಗೂ ಬಿಚ್ಚಿತು ಅನ್ನಿ, ಒದ್ದೆ ಚೆಂಡುಹೂವು ಉದುರುವುದಿಲ್ಲ. ಮುದ್ದೆಯಾಗಿ ಅತಿಥಿಗಳ ತಲೆಗೇ ಬೀಳುತ್ತದೆ. ಆಗ ನೂರು ಮಕ್ಕಳೂ ಅಧ್ಯಕ್ಷರನ್ನೇ ನೋಡುತ್ತಾರೆ.

ಹೀಗಾದಾಗ ಜಗ್ಗಾಡಬಾರದು, ಹುಡುಗರನ್ನು ಕಂಬ ಹತ್ತಿಸಲಂತೂ ಕೂಡದು. ಮರ್ಯಾದೆಯಾಗಿ ಇಳಿಸಿ, ಗಂಟು ಬಿಚ್ಚಿ, ಹೂವಿಲ್ಲದೆ ಮತ್ತೆ ಏರಿಸಿ. ಕಟ್ಟುವುದೇ ಆದರೆ ಅವತ್ತೇ ಬೆಳಗ್ಗೆ ಕಟ್ಟಿ. ಒಣ ಎಸಳು ಒಂದು ಹಿಡಿ ಸಾಕು. ಎಳೆಯಬೇಕಾದ ಹಗ್ಗಕ್ಕೆ ಗುರುತಿನ ದಾರ ಕಟ್ಟಿ. ಬಾವುಟದ್ದೇನೂ ತಪ್ಪಿಲ್ಲ ಬಿಡಿ, ಹುಬ್ಬಳ್ಳಿಯ ಬೆಂಗೇರಿಯ ಧ್ವಜ ತಯಾರಿಕಾ ಕೇಂದ್ರದವರು ಖಾದಿಯಲ್ಲಿ ಅಚ್ಚುಕಟ್ಟಾಗಿಯೇ ಹೊಲಿದು ಕಳಿಸಿರುತ್ತಾರೆ.

ವಿಚಿತ್ರವೆಂದರೆ ಇಷ್ಟೆಲ್ಲ ಬೈದುಕೊಳ್ಳುತ್ತಲೇ ಒಂದನೇ ಕ್ಲಾಸಿನ ಯಾರಿಗೆ ಹಾಲಿನ ಕೆನೆ ಕಂಡರಾಗದು, ಯಾರ ಮನೆಯಲ್ಲಿ ಬೆಳಗಿನ ತಿಂಡಿ ಆಗಿರುವುದಿಲ್ಲ ಎಂಬುದೆಲ್ಲ ತಿಳಿದುಹೋಗಿರುತ್ತದೆ. ಸ್ವಂತ ಮಗಳು ಮಾತ್ರ ಶಾಲೆಯಲ್ಲಿ ಅಪ್ಪನನ್ನು ಕಂಡರೆ ಗುರುತೇ ಇಲ್ಲದವಳ ಹಾಗೆ ಕಂಬದ ಹಿಂದೆ ಸರಿಯುತ್ತಾಳೆ. ಏಳನೇ ಕ್ಲಾಸು ಮುಗಿಸಿ ಅವಳು ಟಿ.ಸಿ. ತೆಗೆದುಕೊಂಡರೆ ಅಪ್ಪನ ಸದಸ್ಯತ್ವವೂ ಅದರ ಜೊತೆಗೇ ಹೋಯಿತು. ಬೇರೆ ಮಕ್ಕಳು ಬೀದಿಯಲ್ಲಿ ಇನ್ನೂ ಒಂದಷ್ಟು ದಿನ "ನಮಸ್ತೆ ಸಾರ್" ಅನ್ನುತ್ತವೆ.

ಹೋಗುವುದೂ ಸಲೀಸಲ್ಲ. ಬ್ಯಾಂಕಿಗೆ ಹೊಸ ಅಧ್ಯಕ್ಷರ ಫೋಟೊ, ಆಧಾರ್, ಠರಾವಿನ ನಕಲು ಕೊಡಬೇಕು. ಠರಾವಿನಲ್ಲಿ ಮಂಜುನಾಥ, ಆಧಾರಿನಲ್ಲಿ ಮಂಜುನಾಥಪ್ಪ ಅಂತಿದ್ದರೆ ಮತ್ತೆ ಸಭೆ, ಮತ್ತೆ ಕೋರಂ, ಮತ್ತೆ ಟೀ, ಬಿಸ್ಕತ್ತು. ಆ ಟೀ ಖರ್ಚಿಗೆ ಚೆಕ್ ಬರೆಯೋಣವೆಂದರೆ ಎರಡನೇ ಸಹಿ ಹಾಕುವವರು ಯಾರು?